ಸೈಕಲು ದಾರಿ: ಬಣ್ಣವೋ, ರಕ್ಷಣೆಯೋ?

ನಗರದ ಬೀದಿಗಳಲ್ಲಿ ಸೈಕಲು ಸವಾರರಿಗೆಂದು ಬೇರೆ ದಾರಿಯನ್ನು ಕಲ್ಪಿಸಿದಲ್ಲಿ ಅವರ ಪ್ರಾಣಕ್ಕೆ ರಕ್ಷಣೆ ದೊರೆಯುವುದೆಂದು ಅಧಿಕಾರಿವರ್ಗದವರು ನಂಬಿರುವಂತೆ ತೋರುತ್ತದೆ. ನಂಬಿಕೆಯು ಸುಳ್ಳಲ್ಲ, ಆದರೆ ದಾರಿಯೆಂದು ಯಾವುದನ್ನು ಕರೆಯುತ್ತೇವೆಂಬುದರ ಮೇಲೆ ಎಲ್ಲವೂ ನಿಂತಿದೆ.

ಲಂಡನ್ ನಗರದ ಅನುಭವವನ್ನು ವಾಚಕರು ಪರಾಂಬರಿಸಬೇಕು. 2010ರಿಂದ ಅಲ್ಲಿ ದೊಡ್ಡ ರಸ್ತೆಗಳ ಅಂಚಿಗೆ ನೀಲಿ ಬಣ್ಣವನ್ನು ಬಳಿದು, ಅದಕ್ಕೆ ಸೈಕಲು ಮಹಾಮಾರ್ಗವೆಂಬ ಭಾರಿ ಹೆಸರನ್ನಿಟ್ಟರು. 2011ರಲ್ಲಿ ಪೂರ್ವಭಾಗದ ಬೋ ವೃತ್ತದವರೆಗೆ ಅಂತಹುದೊಂದು ಮಾರ್ಗವು ತೆರೆಯಿತು. ಅದೇ ವರ್ಷ ಅಕ್ಟೋಬರ್ ಮತ್ತು ನವೆಂಬರ್ ತಿಂಗಳುಗಳಲ್ಲಿ ಆ ವೃತ್ತದಲ್ಲಿಯೇ ಇಬ್ಬರು ಸವಾರರು ಲಾರಿಗಳಿಗೆ ಸಿಕ್ಕಿ ಮಡಿದರು. ಬರಿಯ ನೀಲಿ ಬಣ್ಣವು ಸವಾರರಲ್ಲಿ ಹುಸಿ ಧೈರ್ಯವನ್ನು ಹುಟ್ಟಿಸುತ್ತದೆಂದು ಮರಣವಿಚಾರಣೆ ನಡೆಸಿದ ಅಧಿಕಾರಿಯು 2013ರಲ್ಲಿ ಎಚ್ಚರಿಸಬೇಕಾಯಿತು. ಬಳಿಕ ಆ ಮಾರ್ಗದ ಬಹುಭಾಗಕ್ಕೆ ಕಲ್ಲಿನ ಅಂಚನ್ನು ಕಟ್ಟಿ ಮೋಟಾರುಗಳಿಂದ ಬೇರ್ಪಡಿಸಿದರು. ಆ ಕೆಲಸವು 2016ರಲ್ಲಿ ಮುಗಿಯಿತು.

ಇದರ ಮರ್ಮವು ಸರಳವಾಗಿದೆ. ನೇರವಾದ ರಸ್ತೆಯಲ್ಲಿ ಕಲ್ಲಿನ ಅಂಚು ಸವಾರನನ್ನು ಕಾಯುತ್ತದೆ. ಕೂಡುರಸ್ತೆಯಲ್ಲಿ ಆ ಅಂಚು ಮುಗಿಯುತ್ತದೆ. ಎಡಕ್ಕೆ ಹೊರಳುವ ಲಾರಿಯ ಚಾಲಕನಿಗೆ ತನ್ನ ಪಕ್ಕದಲ್ಲಿರುವ ಸೈಕಲು ಕಾಣಿಸುವುದೇ ಇಲ್ಲ. ನಮ್ಮಲ್ಲಿಯೂ ಲಂಡನ್ನಿನಂತೆ ವಾಹನಗಳು ಎಡಬದಿಯಲ್ಲಿ ಸಾಗುವುದರಿಂದ ಅಪಾಯವು ಅದೇ ಬಗೆಯದು. ಆದುದರಿಂದ ಅಲ್ಲಿ ಸೈಕಲಿಗೆ ತುಸು ಮುಂಚಿತವಾಗಿ ಹಸಿರು ದೀಪವನ್ನು ಕೊಡುವ ಏರ್ಪಾಡು ಬಂದಿತು. ಅಗತ್ಯವಾದುದು ಇದೇ ಹೊರತು ಬಣ್ಣದ ಡಬ್ಬಿಯಲ್ಲ.

ಇನ್ನು ಬೆಂಗಳೂರಿನ ಮಾತು. 2020ರಲ್ಲಿ ಕೋವಿಡ್ ಕಾಲದಲ್ಲಿ ಹೊರವರ್ತುಲ ರಸ್ತೆಯಲ್ಲಿ ಬಾಗುವ ಕಂಬಗಳನ್ನು ನೆಟ್ಟು ಸೈಕಲು ಪಥವನ್ನು ನಿರ್ಮಿಸಲಾಯಿತು. ನಾವು ಅದನ್ನು ಸಂತೋಷದಿಂದಲೇ ಸ್ವಾಗತಿಸುತ್ತಿದ್ದೆವು, ಅದು ಉಳಿದಿದ್ದರೆ! ಮೋಟಾರು ಸೈಕಲುಗಳು ಕಂಬಗಳ ನಡುವೆ ನುಸುಳಿದುವು, ಕಂಬಗಳು ಮುರಿದುವು, ತರುವಾಯ ಮೆಟ್ರೋ ಕಾಮಗಾರಿಗೆ ಪಥವೇ ಎಡೆಗೊಟ್ಟಿತು. ಕಾರುಗಳಿಗೆ ಮೀಸಲಾದ ಸಾಲು ಹೀಗೆ ಸದ್ದಿಲ್ಲದೆ ಮಾಯವಾಗುತ್ತಿತ್ತೇ?

ಸೈಕಲೆಂದರೆ ವ್ಯಾಯಾಮದ ಸಾಧನವೆಂದು ಭಾವಿಸುವವರು ನಸುಕಿನಲ್ಲಿ ರಸ್ತೆಗಿಳಿದು ನೋಡಲಿ. ವೃತ್ತಪತ್ರಿಕೆ ಹಂಚುವ ಹುಡುಗ, ರಾತ್ರಿಯ ಪಾಳಿ ಮುಗಿಸಿದ ಕಾವಲುಗಾರ, ಕಟ್ಟಡದ ಕೂಲಿ, ಇವರೇ ನಿತ್ಯದ ಸವಾರರು. ಇವರಿಗೆ ಸಭೆಗಳಲ್ಲಿ ದನಿಯಿಲ್ಲ.

ಮುಂದೆ ಎಲ್ಲಿಯೇ ಆಗಲಿ ಸೈಕಲು ಪಥಕ್ಕೆ ಹಣವನ್ನು ಮಂಜೂರು ಮಾಡುವ ಮುನ್ನ, ಅದರ ಪ್ರತಿಯೊಂದು ಕೂಡುರಸ್ತೆಯ ನಕ್ಷೆಯನ್ನು ಸರಕಾರವು ಸಾರ್ವಜನಿಕರ ಮುಂದಿಡಲಿ. ಪಥವು ಎಷ್ಟು ಮೈಲಿಯದೆಂಬ ಲೆಕ್ಕವನ್ನು ಆಮೇಲೆ ಕೇಳುತ್ತೇವೆ.