ಹಿಂದೂಪುರದಿಂದ ಹೈದರಾಬಾದಿಗೆ ವಿಮಾನ ಎಷ್ಟು ಬೇಗ?



ಬೆಂಗಳೂರಿನಿಂದ ಹೈದರಾಬಾದಿಗೆ ವಿಮಾನದಲ್ಲಿ ಒಂದು ಗಂಟೆಯ ದಾರಿ ಎಂದು ನಾವೆಲ್ಲ ಕೇಳಿದ್ದೇವೆ. ಹಾಗಾದರೆ ಹಿಂದೂಪುರದವರಿಗೆ, ಕಲ್ಯಾಣದುರ್ಗದವರಿಗೆ ಅದು ಎಷ್ಟು ಹೊತ್ತಿನ ದಾರಿ? ಇವತ್ತು ಈ ಲೆಕ್ಕವನ್ನು ಬಿಡಿಸಿ ನೋಡೋಣ.

ಮೊದಲು ದೂರ. ಭೂಪಟದ ಮೇಲೆ ಎರಡು ಊರುಗಳ ನಡುವೆ ದಾರವನ್ನು ಬಿಗಿಯಾಗಿ ಹಿಡಿದರೆ ಸಿಗುವುದು ನೇರ ದೂರ. ಹಿಂದೂಪುರದಿಂದ ಕಲ್ಯಾಣದುರ್ಗಕ್ಕೆ ಅದು ಸುಮಾರು 90 ಕಿ.ಮೀ. ಆದರೆ ಬಸ್ಸು ದಾರದ ಮೇಲೆ ಓಡುವುದಿಲ್ಲ. ಮಡಕಶಿರಾ ದಾಟಿ, ಕರ್ನಾಟಕದ ಪಾವಗಡವನ್ನು ಹೊಕ್ಕು, ಮತ್ತೆ ಆಂಧ್ರಕ್ಕೆ ಬರುವಾಗ ನೂರು ಮೀರುತ್ತದೆ. ವಿಮಾನದವರು ಹೇಳುವುದು ಸಾಮಾನ್ಯವಾಗಿ ದಾರದ ದೂರವನ್ನೇ. ದೇವನಹಳ್ಳಿಯ ಕೆಂಪೇಗೌಡ ವಿಮಾನ ನಿಲ್ದಾಣದಿಂದ ಹೈದರಾಬಾದಿನ ಶಂಷಾಬಾದ್ ನಿಲ್ದಾಣಕ್ಕೆ ಅದು ಸುಮಾರು 455 ಕಿ.ಮೀ.

ಇನ್ನು ಸಮಯ. ದೊಡ್ಡ ವಿಮಾನ ಗಂಟೆಗೆ 800 ಕಿ.ಮೀ. ಹಾರಬಲ್ಲದು. ಭಾಗಿಸಿದರೆ 35 ನಿಮಿಷ ಸಾಕು! ಆದರೆ ವೇಳಾಪಟ್ಟಿಯಲ್ಲಿ ಒಂದು ಗಂಟೆ ಹತ್ತು, ಇಪ್ಪತ್ತು ನಿಮಿಷ ಎಂದಿರುತ್ತದೆ. ಏಕೆ? ವಿಮಾನ ನಿಂತ ಜಾಗ ಬಿಟ್ಟಾಗಿನಿಂದ, ಇಳಿದು ಮತ್ತೆ ನಿಲ್ಲುವ ತನಕ ಅವರ ಲೆಕ್ಕ. ರನ್‌ವೇವರೆಗೆ ನಿಧಾನವಾಗಿ ಉರುಳಬೇಕು, ಸರದಿ ಕಾಯಬೇಕು. ಏರುವಾಗ, ಇಳಿಯುವಾಗ ಪೂರ್ತಿ ವೇಗವಿರದು. ಇಳಿಯಲು ಸುತ್ತು ಹಾಕುವುದೂ ಉಂಟು. ದೂರ ಕಡಿಮೆಯಾದಷ್ಟೂ ಪೂರ್ತಿ ವೇಗದಲ್ಲಿ ಹಾರುವ ಭಾಗ ಕಡಿಮೆ.

ತೆಲುಗಿನಲ್ಲಿ ‘ಗಾಲಿ’ ಎಂದರೆ ಗಾಳಿ, ನಮಗೆ ಗಾಲಿ ಎಂದರೆ ಚಕ್ರ. ವಿಮಾನ ಹತ್ತುವ ನಮ್ಮ ಭಾಗದವರು ಎರಡು ಗಾಲಿಗಳ ಲೆಕ್ಕವನ್ನೂ ಹಾಕಬೇಕು.

2008ರ ಮೇ ತಿಂಗಳಲ್ಲಿ ದೇವನಹಳ್ಳಿಯ ನಿಲ್ದಾಣ ತೆರೆಯುವ ತನಕ, ನಾವು ಬೆಂಗಳೂರು ನಗರವನ್ನು ಹಾದು ಎಚ್.ಎ.ಎಲ್. ನಿಲ್ದಾಣಕ್ಕೆ ಹೋಗಬೇಕಿತ್ತು. ಈಗ ನಿಲ್ದಾಣ ನಗರಕ್ಕಿಂತ ಮೊದಲೇ ಸಿಗುತ್ತದೆ. ಹಿಂದೂಪುರದಿಂದ ನೇರ ದೂರ ಸುಮಾರು 75 ಕಿ.ಮೀ., ಕಾರಿನಲ್ಲಿ ಎರಡು ಗಂಟೆ ಇಟ್ಟುಕೊಳ್ಳಿ. ಕಲ್ಯಾಣದುರ್ಗದಿಂದ ನೇರ ದೂರವೇ 160 ಕಿ.ಮೀ. ದಾಟುತ್ತದೆ, ನಾಲ್ಕು ಗಂಟೆಯಾದರೂ ಬೇಕು.

ಈಗ ಕೂಡಿಸೋಣ. ಕಲ್ಯಾಣದುರ್ಗದಿಂದ ನಿಲ್ದಾಣಕ್ಕೆ ನಾಲ್ಕು ಗಂಟೆ, ಅಲ್ಲಿ ತಪಾಸಣೆಗೆ, ಕಾಯುವುದಕ್ಕೆ ಎರಡು, ವಿಮಾನದಲ್ಲಿ ಒಂದೂಕಾಲು, ಶಂಷಾಬಾದಿನಿಂದ ಊರೊಳಕ್ಕೆ ಒಂದು. ಒಟ್ಟು ಎಂಟೂಕಾಲು ಗಂಟೆ! ಅಷ್ಟರಲ್ಲಿ ಅನಂತಪುರ, ಕರ್ನೂಲು ಮಾರ್ಗವಾಗಿ ಹೊರಟ ಕಾರು ಹೈದರಾಬಾದನ್ನು ಮುಟ್ಟುವ ಹೊತ್ತಾಗಿರುತ್ತದೆ. ಉತ್ತರದ ಊರಿಗೆ ಹೋಗಲು ನಾವು ಮೊದಲು ದಕ್ಷಿಣಕ್ಕೆ ನಡೆದಿರುತ್ತೇವೆ, ಅದೇ ಕಾರಣ. ಹಿಂದೂಪುರದವರಿಗೆ ಇದೇ ಲೆಕ್ಕದಲ್ಲಿ ಎರಡು ಗಂಟೆ ಉಳಿಯುತ್ತದೆ. ದೆಹಲಿಯ ಮಾತೇ ಬೇರೆ. ಸುಮಾರು 1,700 ಕಿ.ಮೀ. ದೂರವನ್ನು ವಿಮಾನ ಮೂರು ಗಂಟೆಯೊಳಗೆ ಮುಗಿಸುತ್ತದೆ. ಅಲ್ಲಿ ವಿಮಾನಕ್ಕೆ ಸಾಟಿಯಿಲ್ಲ.

ಕೊನೆಯದಾಗಿ ಒಂದು ಎಚ್ಚರಿಕೆ. ಟಿಕೆಟ್ಟಿನಲ್ಲಿರುವುದು ವಿಮಾನ ಹೊರಡುವ ಸಮಯ, ನೀವು ಬಾಗಿಲಿಗೆ ಬರಬೇಕಾದ ಸಮಯವಲ್ಲ. ದೇಶದೊಳಗಿನ ವಿಮಾನಗಳಿಗೆ ಸಾಮಾನು ಒಪ್ಪಿಸುವ ಕೌಂಟರು ಸಾಮಾನ್ಯವಾಗಿ ಒಂದು ಗಂಟೆ ಮೊದಲೇ ಮುಚ್ಚುತ್ತದೆ. ನೌಕರಿಯ ಸಂದರ್ಶನಕ್ಕೋ ಆಸ್ಪತ್ರೆಗೋ ಹೊರಟವರು ಹತ್ತು ನಿಮಿಷ ತಡವಾದರೂ ದುಡ್ಡೂ ಹೋಗಬಹುದು, ದಿನವೂ ಹೋಗಬಹುದು. ಆದ್ದರಿಂದ ಹೊರಡುವ ಸಮಯದಿಂದ ಹಿಂದಕ್ಕೆ ಎಣಿಸುತ್ತಾ ಬನ್ನಿ, ನಿಮ್ಮ ಮನೆಯ ಹೊಸ್ತಿಲು ಸಿಗುವ ತನಕ.