ಮಹಾಬಳೇಶ್ವರ: ಹೊಳೆ ಹುಟ್ಟುವಲ್ಲಿಗೆ ಬ್ಯಾಟರಿ ಸೈಕಲ್ ಸವಾರಿ

ಮುಂಬೈ, ಪುಣೆಯಲ್ಲಿರುವ ಕನ್ನಡಿಗರಿಗೆ ಮಹಾಬಳೇಶ್ವರ ಹೊಸ ಊರಲ್ಲ. ಪುಣೆಯಿಂದ ಸುಮಾರು 120 ಕಿ.ಮೀ., ಮುಂಬೈಯಿಂದ ಸುಮಾರು 260. ಊರಿಂದ ಬಂದ ನೆಂಟರನ್ನು ಒಮ್ಮೆಯಾದರೂ ಅಲ್ಲಿಗೆ ಕರೆದೊಯ್ಯದವರು ಕಡಿಮೆ. ನೋಡುವ ಕ್ರಮವೂ ಎಲ್ಲರಿಗೂ ಗೊತ್ತಿರುವುದೇ: ಟ್ಯಾಕ್ಸಿ ಹಿಡಿಯುವುದು, ಚಾಲಕ ತೋರಿಸಿದ ಏಳೆಂಟು ‘ಪಾಯಿಂಟ್’ಗಳಲ್ಲಿ ಇಳಿದು ಫೋಟೊ ತೆಗೆಯುವುದು, ವೆಣ್ಣಾ ಕೆರೆಯಲ್ಲಿ ದೋಣಿ, ಬಳಿಕ ಸ್ಟ್ರಾಬೆರಿ ಕ್ರೀಮ್, ಸಂಜೆಗೆ ಘಾಟಿ ಇಳಿದು ಮನೆ. ನಾವೂ ಹೀಗೆ ಮೂರು ಸಲ ನೋಡಿದ್ದೆವು. ನಾಲ್ಕನೆಯ ಸಲ, ಸಂಕ್ರಾಂತಿಗೆ, ಇ-ಸೈಕಲ್ ಮೇಲೆ ನೋಡಿದೆವು. ಊರು ಅದೇ ಆದರೂ ಕಂಡದ್ದು ಬೇರೆ.

ಸಂಕ್ರಾಂತಿಯನ್ನೇ ಆರಿಸಿಕೊಂಡದ್ದು ಅಪ್ಪನಿಗಾಗಿ. ನಮ್ಮದು ಬಾಗಲಕೋಟೆ ಜಿಲ್ಲೆ, ಬೀಳಗಿ ಕಡೆಯ ಕೃಷ್ಣಾ ದಂಡೆಯ ಹಳ್ಳಿ. ಆ ಭಾಗದಲ್ಲಿ ಸಂಕ್ರಾಂತಿಯೆಂದರೆ ಹೊಳೆಯಲ್ಲಿ ಮಿಂದು, ದಂಡೆಯ ಮೇಲೆ ಕೂತು ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ಬದನೆಕಾಯಿ ಪಲ್ಯ, ಶೇಂಗಾ ಹೋಳಿಗೆ ಉಣ್ಣುವ ಹಬ್ಬ. ಆಲಮಟ್ಟಿಯ ಹಿನ್ನೀರಿಗೆ ಹಳ್ಳಿ ಹೋದ ಮೇಲೆ ಅಪ್ಪ ಹೊಳೆಗೆ ಹೋಗುವುದನ್ನೇ ಬಿಟ್ಟಿದ್ದರು. ಅವರಿಗೀಗ 68. ಅಮ್ಮ ತೀರಿಕೊಂಡ ನಂತರ ಪುಣೆಯಲ್ಲಿ ನಮ್ಮ ಜೊತೆ ಇದ್ದಾರೆ. ‘ಹೊಳಿ ಹುಟ್ಟೂ ಜಾಗಾ ಒಮ್ಮೆ ನೋಡಬೇಕ’ ಎಂದು ಒಂದು ದಿನ ಅಂದರು. ಆದರೆ ಟ್ಯಾಕ್ಸಿ ಬೇಡವೆಂದರು. ಘಾಟಿಯ ತಿರುವುಗಳಲ್ಲಿ ಅವರಿಗೆ ತಲೆ ಸುತ್ತುತ್ತದೆ. ನಡೆಯಲು ಮೊಣಕಾಲು ಬಿಡುವುದಿಲ್ಲ. ಜೀವನವಿಡೀ ಹೊಲಕ್ಕೂ ಸಂತೆಗೂ ಸೈಕಲ್ ತುಳಿದವರು ಅವರು. ಹಾಗಾಗಿ ಸೈಕಲ್ಲನ್ನೇ ಯೋಚಿಸಿದೆವು. ನಮ್ಮವು ಎರಡು ಇದ್ದವು, ಇನ್ನೆರಡನ್ನು ನಮ್ಮ ಸೊಸೈಟಿಯ ಗೆಳೆಯರು ಕೊಟ್ಟರು. ನಾಲ್ಕನ್ನೂ ಒಂದು ಪಿಕಪ್‌ನಲ್ಲಿ ಮುಂದೆ ಕಳಿಸಿ, ಅಪ್ಪ, ಹೆಂಡತಿ, ಒಂಬತ್ತನೆಯ ತರಗತಿಯ ಮಗಳು ಮತ್ತು ನಾನು ಹಿಂದೆ ನಿಧಾನವಾಗಿ ನಮ್ಮ ಕಾರಿನಲ್ಲಿ ಹೋದೆವು. ದಾರಿಯಲ್ಲಿ ಅಪ್ಪನಿಗಾಗಿ ನಾಲ್ಕು ಸಲ ನಿಂತೆವು.

ಇ-ಸೈಕಲ್ ಎಂದರೆ ಸ್ಕೂಟರ್ ಅಲ್ಲ. ಪೆಡಲ್ ತುಳಿಯಬೇಕು, ತುಳಿದಾಗ ಮೋಟರ್ ಹಿಂದಿನಿಂದ ಕೈ ಹಚ್ಚಿ ನೂಕಿದಂತೆ ನೆರವಾಗುತ್ತದೆ. ಮೋಟರ್ 250 ವ್ಯಾಟ್ ಮೀರದೆ, ವೇಗ ಗಂಟೆಗೆ 25 ಕಿ.ಮೀ. ದಾಟದೆ ಇರುವ, ಮಾನ್ಯತೆ ಪಡೆದ ಸೈಕಲ್ಲಿಗೆ ನೋಂದಣಿಯಾಗಲಿ ಲೈಸೆನ್ಸ್ ಆಗಲಿ ಬೇಕಿಲ್ಲ. ನಮ್ಮವುಗಳ ಬ್ಯಾಟರಿ 36 ವೋಲ್ಟ್, 10 ಆಂಪಿಯರ್-ಅವರ್. ಅಂದರೆ ಪೂರ್ತಿ ತುಂಬಿದಾಗ 360 ವ್ಯಾಟ್-ಅವರ್, ಮನೆಯ ಮೀಟರಿನ ಲೆಕ್ಕದಲ್ಲಿ ಒಂದು ಯೂನಿಟ್ಟಿನ ಮೂರನೆಯ ಒಂದು ಪಾಲಿಗಿಂತ ತುಸು ಹೆಚ್ಚು.

ಗುಡ್ಡದ ಊರಿಗೆ ಇದು ಸಾಲುತ್ತದೆಯೇ? ಮಗಳು ಶಾಲೆಯ ಭೌತಶಾಸ್ತ್ರ ತೆಗೆದು ಲೆಕ್ಕ ಹಾಕಿದಳು. ಸವಾರ, ಸೈಕಲ್ ಸೇರಿ 100 ಕಿಲೋ ಎಂದುಕೊಂಡರೆ, ಅದನ್ನು 100 ಮೀಟರ್ ಎತ್ತರಕ್ಕೆ ಏರಿಸಲು ಬೇಕಾದ ಶಕ್ತಿ ಸುಮಾರು 27 ವ್ಯಾಟ್-ಅವರ್. ಮೋಟರಿನಲ್ಲಿ ಸೋರುವುದನ್ನೂ ಸೇರಿಸಿ 40 ಎಂದಿಟ್ಟುಕೊಳ್ಳಿ. ಇಡೀ ದಿನ 400 ಮೀಟರ್ ಏರಿದರೂ ಬ್ಯಾಟರಿ ಅರ್ಧದ ಹತ್ತಿರ ಉಳಿಯುತ್ತದೆ, ಅದೂ ಪೆಡಲಿನ ಪಾಲು ಹಿಡಿಯದೆ. ಸಪಾಟು ರಸ್ತೆಗೂ ಸ್ವಲ್ಪ ಬೇಕು. ರಾತ್ರಿ ಕೋಣೆಯ ಪ್ಲಗ್ಗಿಗೆ ಹಾಕಿದರೆ ಬೆಳಿಗ್ಗೆ ಮತ್ತೆ ತುಂಬಿರುತ್ತದೆ. ಮೂರು ದಿನವೂ ಲೆಕ್ಕ ತಪ್ಪಲಿಲ್ಲ.

ಮೊದಲ ದಿನ ಊರೊಳಗೇ ಸುತ್ತಿದೆವು. ಪೇಟೆಯ ಭಾಗಕ್ಕೆ ಮಾಲ್ಕಮ್ ಪೇಠ್ ಎಂಬ ಹೆಸರಿದೆ. ಮುಂಬೈ ಗವರ್ನರ್ ಆಗಿದ್ದ ಸರ್ ಜಾನ್ ಮಾಲ್ಕಮ್, 1828ರ ಸುಮಾರಿಗೆ ಸಾತಾರದ ರಾಜರಿಂದ ಈ ಜಾಗ ಪಡೆದು ಬೇಸಿಗೆಯ ಊರು ಕಟ್ಟಿಸಿದ. 1834ರಿಂದ ಮೂವತ್ತು ವರ್ಷ ಇಲ್ಲೊಂದು ಜೈಲೂ ಇತ್ತು. ಚೀನಾ ಮತ್ತು ಮಲಯದ ಕೈದಿಗಳು ಇಲ್ಲಿ ರಸ್ತೆಗೆ ದುಡಿದರು, ತೋಟಗಳಲ್ಲಿ ಆಲೂಗಡ್ಡೆ ಮತ್ತಿತರ ಇಂಗ್ಲಿಷ್ ತರಕಾರಿ ಬೆಳೆದರು. ನಾವು ಚಪ್ಪರಿಸುವ ಮಹಾಬಳೇಶ್ವರದ ಸ್ಟ್ರಾಬೆರಿಗೆ 2010ರಲ್ಲಿ ಭೌಗೋಳಿಕ ಸೂಚಿ ಸಿಕ್ಕಿದೆ. ಜನವರಿ ಅದರ ಸುಗ್ಗಿ. ರಸ್ತೆ ಬದಿಯ ಹೊಲವೊಂದರಲ್ಲಿ ಅಪ್ಪ ಸೈಕಲ್ ನಿಲ್ಲಿಸಿ, ಏರುಮಡಿ, ಮೇಲೆ ಹೊದಿಸಿದ ಪ್ಲಾಸ್ಟಿಕ್ ಹಾಳೆ, ಹನಿ ನೀರಾವರಿಯ ಪೈಪು ಎಲ್ಲವನ್ನೂ ಮುಟ್ಟಿ ನೋಡಿದರು. ಅವರಿಗೆ ಬರುವ ಮರಾಠಿ ಅಷ್ಟಕ್ಕಷ್ಟೆ. ಆದರೂ ಹೊಲದವರೊಡನೆ ಅರ್ಧ ಗಂಟೆ ಮಾತಾಡಿದರು. ಟ್ಯಾಕ್ಸಿಯಲ್ಲಿ ಈ ಅರ್ಧ ಗಂಟೆ ಸಿಗುವುದಿಲ್ಲ.

ಸಂಜೆ ವಿಲ್ಸನ್ ಪಾಯಿಂಟ್ ಹತ್ತಿದೆವು. 1,439 ಮೀಟರ್ ಎತ್ತರದ ಇದೇ ಮಹಾಬಳೇಶ್ವರದ ನೆತ್ತಿ. ಸೂರ್ಯ ಹುಟ್ಟುವುದನ್ನೂ ಮುಳುಗುವುದನ್ನೂ ಇಲ್ಲಿಂದ ನೋಡಬಹುದು. ಪೇಟೆಯಿಂದ ಎರಡು ಕಿ.ಮೀ.ಯ ಆಸುಪಾಸು, ಆದರೆ ಏರು. ಸಾಮಾನ್ಯ ಸೈಕಲ್ ಆಗಿದ್ದರೆ ಮಗಳು ಮುಂದೆ, ನಾನು ನಡುವೆ, ಹೆಂಡತಿ ಹಿಂದೆ, ಅಪ್ಪ ಕೋಣೆಯಲ್ಲಿ. ಇಲ್ಲಿ ನಾಲ್ವರೂ ಒಂದೇ ಸಾಲಿನಲ್ಲಿ ಹೋದೆವು. ನೆರವಿನ ಮಟ್ಟ ಅಪ್ಪನದು ಐದು, ಮಗಳದು ಒಂದು. ವೇಗ ಮಾತ್ರ ಒಂದೇ. ಮನೆಮಂದಿಗೆಲ್ಲ ಇದರಿಂದ ಆದ ದೊಡ್ಡ ಲಾಭವೇ ಇದು. ಯಾರೂ ಯಾರಿಗಾಗಿಯೂ ಕಾಯಬೇಕಾಗಲಿಲ್ಲ, ಯಾರಿಗೂ ತಾನು ಭಾರ ಅನ್ನಿಸಲಿಲ್ಲ.

ಹೋಗುವವರಿಗೆ ಕೆಲವು ಮಾತು. ಈ ಸೈಕಲ್ಲಿಗೆ ಏರಿಗಿಂತ ಇಳಿಜಾರಿನದೇ ಹೆದರಿಕೆ, ಏಕೆಂದರೆ ಭಾರ ಹೆಚ್ಚು. ಬ್ರೇಕನ್ನು ಒಂದೇ ಸಮ ಹಿಡಿದರೆ ಕಾಯುತ್ತದೆ. ಹಿಡಿದು, ಬಿಟ್ಟು, ಮತ್ತೆ ಹಿಡಿಯಬೇಕು. ಹೊರಡುವ ಮುಂಚೆ ಬ್ರೇಕ್ ಪ್ಯಾಡ್ ಬದಲಿಸಿ. ಶನಿವಾರ, ಭಾನುವಾರ ಬೇಡ. ಕಾರುಗಳ ಸಾಲಿನಲ್ಲಿ ಸಿಕ್ಕಿಕೊಳ್ಳುತ್ತೀರಿ. ಮಳೆಗಾಲದಲ್ಲಂತೂ ಇಲ್ಲಿ ಮಂಜು, ಮಳೆ ಎರಡೂ ವಿಪರೀತ, ರಸ್ತೆ ಕಾಣುವುದಿಲ್ಲ. ಬೆಳಿಗ್ಗೆ ಏಳರಿಂದ ಹತ್ತರವರೆಗಿನ ಹೊತ್ತು ಎಲ್ಲಕ್ಕಿಂತ ಒಳ್ಳೆಯದು. ಹೆಲ್ಮೆಟ್, ಕೈಗವಸು ಮರೆಯಬೇಡಿ. ತಿನ್ನುವುದನ್ನು ಕೈಯಲ್ಲಿ ಹಿಡಿದುಕೊಂಡು ನಿಲ್ಲಬೇಡಿ, ಕೋತಿಗಳಿವೆ.

ಎರಡನೆಯ ದಿನ ಸಂಕ್ರಾಂತಿ. ಪೇಟೆಯಿಂದ ಸುಮಾರು ಆರು ಕಿ.ಮೀ. ದೂರದ ಕ್ಷೇತ್ರ ಮಹಾಬಳೇಶ್ವರಕ್ಕೆ ಹೊರಟೆವು. ಪಂಚಗಂಗಾ ಗುಡಿ ಇರುವುದು ಅಲ್ಲಿ. ಕೃಷ್ಣಾ, ಕೊಯ್ನಾ, ವೆಣ್ಣಾ, ಸಾವಿತ್ರಿ, ಗಾಯತ್ರಿ ಐದೂ ನದಿಗಳ ನೀರು ಕಲ್ಲಿನ ಗೋಮುಖದಿಂದ ಕುಂಡಕ್ಕೆ ಬೀಳುತ್ತದೆ ಎಂಬುದು ನಂಬಿಕೆ. ಭೂಗೋಳದ ಲೆಕ್ಕವೂ ಕುತೂಹಲದ್ದೇ. ಸಾವಿತ್ರಿ ಪಶ್ಚಿಮಕ್ಕಿಳಿದು ಅರಬ್ಬಿ ಸಮುದ್ರ ಸೇರುತ್ತದೆ. ವೆಣ್ಣಾ ಸಾತಾರದ ಹತ್ತಿರ, ಕೊಯ್ನಾ ಕರಾಡದಲ್ಲಿ ಕೃಷ್ಣೆಯನ್ನು ಕೂಡುತ್ತವೆ. ಕೃಷ್ಣೆ ಸುಮಾರು 1,400 ಕಿ.ಮೀ. ಹರಿದು ಬಂಗಾಳ ಕೊಲ್ಲಿಗೆ. ಮಳೆಗಾಲದಲ್ಲಿ ‘ಕೊಯ್ನಾದಿಂದ ನೀರು ಬಿಟ್ಟರು’ ಎಂಬ ಸುದ್ದಿ ಓದಿ ಊರಿಗೆ ಫೋನ್ ಮಾಡದ ನಮ್ಮ ಭಾಗದವರಿಲ್ಲ. ಆ ನೀರಿನ ಬೇರು ಇಲ್ಲಿದೆ.

ಪಕ್ಕದಲ್ಲೇ ಕೃಷ್ಣಾಬಾಯಿ ಗುಡಿ. ಕರಿಗಲ್ಲಿನ ಹಳೆಯ ಕಟ್ಟಡ, ಪಾಚಿ ಹಿಡಿದ ಗೋಡೆ, ಜನ ಕಡಿಮೆ. ಅಲ್ಲಿಯೂ ಗೋಮುಖದಿಂದ ನೀರು ಸುರಿಯುತ್ತದೆ, ಬೆರಳುಗಾತ್ರ. ಅಪ್ಪ ಬೊಗಸೆಯಲ್ಲಿ ಹಿಡಿದು ತಲೆಗೆ ಹಾಕಿಕೊಂಡರು. ಸ್ವಲ್ಪ ಹೊತ್ತು ಸುಮ್ಮನೆ ನಿಂತರು.

‘ಇಷ್ಟ ನೀರಿಗೆ ನಮ್ಮ ಊರು ಹೋತೇನೋ ತಮ್ಮಾ?’ ಅಂದರು.

ನನಗೆ ಏನು ಹೇಳಬೇಕೋ ತಿಳಿಯಲಿಲ್ಲ. ‘ಮಾವಾರ, ಹೊರಗ ಬಿಸಿಲೈತಿ, ಅಲ್ಲೇ ಉಣ್ಣೂಣು ಬರ‍್ರಿ’ ಎಂದು ನನ್ನ ಹೆಂಡತಿ ಬುತ್ತಿ ಬಿಚ್ಚಿದಳು. ಸಜ್ಜಿ ರೊಟ್ಟಿ ಮುರಿಯುತ್ತ ಮಗಳು ಕೇಳಿದಳು: ‘ಅಜ್ಜಾ, ನಿಮ್ಮ ಮನಿ ಹೊಳಿಯಿಂದ ಎಷ್ಟು ದೂರ ಇತ್ತು?’ ನಮ್ಮ ಹಳ್ಳಿಯ ವಿಚಾರ ಆಕೆ ಹಿಂದೆಂದೂ ಕೇಳಿದ್ದಿಲ್ಲ, ನಾವೂ ಹೇಳಿದ್ದಿಲ್ಲ. ವಾಪಸು ಬರುವಾಗ ಅಜ್ಜ, ಮೊಮ್ಮಗಳು ಜೋಡಿಯಾಗಿ ಸೈಕಲ್ ತುಳಿಯುತ್ತ ಅದೇ ಮಾತು. ನಾವು ಹಿಂದೆ ಉಳಿದು ಕೇಳಿಸಿಕೊಂಡೆವು. ಯಾವ ಓಣಿಯಲ್ಲಿ ಯಾರ ಮನೆ, ಅಗಸಿ ಎಲ್ಲಿತ್ತು, ಬೇವಿನಮರದ ಕಟ್ಟೆ ಎಲ್ಲಿತ್ತು, ಮನೆಯ ತೊಲೆ ಬಾಗಿಲು ಕಿತ್ತು ಚಕ್ಕಡಿಗೆ ಹೇರಿದ್ದು.

ಮೂರನೆಯ ದಿನ ಕೇಟ್ಸ್ ಪಾಯಿಂಟ್. ಅದರ ಅಂಚಿನಲ್ಲಿ ನಿಂತರೆ ಕೆಳಗೆ ಕೃಷ್ಣಾ ಕಣಿವೆ, ಅದರೊಳಗೆ ಬಲಕವಡಿ, ಧೋಮ್ ಅಣೆಕಟ್ಟುಗಳ ನೀಲಿ ನೀರು. ‘ಹುಟ್ಟಿ ಅಂಬೆಗಾಲಿಡೂದ್ರಾಗ ಕಟ್ಟಿ ಹಾಕ್ಯಾರ’ ಎಂದು ಅಪ್ಪ ನಕ್ಕರು. ಆಮೇಲೆ ಅವರೇ, ‘ಇವರ ಹೊಲಕ್ಕೂ ನೀರ ಬೇಕಲ್ಲ. ಇಲ್ಲೂ ಯಾರದೋ ಮನಿ ಮುಳಗಿರಬೇಕು’ ಅಂದರು. ಆಲಮಟ್ಟಿಗೆ ಲಾಲ್ ಬಹಾದ್ದೂರ್ ಶಾಸ್ತ್ರಿಯವರು 1964ರಲ್ಲಿ ಅಡಿಗಲ್ಲು ಹಾಕಿದಾಗ ಅಪ್ಪ ಇನ್ನೂ ಹುಡುಗ. ಹಳ್ಳಿ ಖಾಲಿ ಮಾಡುವಾಗ ನಡುವಯಸ್ಸು. ಅಷ್ಟು ವರ್ಷ ‘ಇಂದಲ್ಲ ನಾಳೆ ಏಳಬೇಕು’ ಎಂದೇ ಬದುಕಿದ್ದನ್ನು ಮೊಮ್ಮಗಳಿಗೆ ಹೇಳಿದರು. ಸಿಟ್ಟಿನಿಂದಲ್ಲ, ಯಾವುದೋ ಹಳೆಯ ಲೆಕ್ಕ ಒಪ್ಪಿಸುವವರಂತೆ.

ಬೇಸಿಗೆಯಲ್ಲಿ ಹಿನ್ನೀರು ಇಳಿದಾಗ ನಮ್ಮೂರ ಗುಡಿಯ ಗೋಡೆ ಮೇಲೆ ಬರುತ್ತದೆ. ಅದನ್ನು ನೋಡಲೇಬೇಕೆಂದು ಮಗಳು ಈಗ ಹಟ ಹಿಡಿದಿದ್ದಾಳೆ. ಮೇ ತಿಂಗಳ ರಜೆಗೆ ಹೋಗುವುದೆಂದು ಗೊತ್ತು ಮಾಡಿದ್ದೇವೆ. ನೀರು ಇಳಿದ ಮೇಲಿನ ಎರೆಮಣ್ಣಿನಲ್ಲಿ ಸೈಕಲ್ ಓಡುವುದಿಲ್ಲ, ಅಲ್ಲಿ ನಡೆದೇ ಹೋಗಬೇಕು ಎಂದೆ. ‘ನಡೀತೇನಿ’ ಅಂದರು ಅಪ್ಪ.