ಕೋನ್‌ಗಳ ನಡುವೆ ಕಾರು ಓಡಿಸುವ ವಿಡಿಯೊ: ಇದು ಬೀದಿ ರೇಸಾ?

ದೊಡ್ಡ ಖಾಲಿ ಪಾರ್ಕಿಂಗ್ ಜಾಗ. ತುಂಬಾ ಕಿತ್ತಳೆ ಬಣ್ಣದ ಕೋನ್‌ಗಳು. ಅವುಗಳ ನಡುವೆ ಟೈರ್ ಕಿರುಚಿಸುತ್ತಾ ಹಾವಿನಂತೆ ಹರಿದುಹೋಗುವ ಕಾರು. ಕಾರು ದಾಟಿದ್ದೇ ತಡ, ಬಿದ್ದ ಕೋನ್ ಎತ್ತಿಡಲು ಓಡಿಬರುವ ಒಬ್ಬ ಮನುಷ್ಯ. ಇಂಥ ವಿಡಿಯೊ ನಿಮ್ಮ ಫೋನಿಗೂ ಬಂದಿರಬಹುದು. ನಮ್ಮ ಮನೆಯ ವಾಟ್ಸಾಪ್ ಗ್ರೂಪಿಗೆ ಚಿಕ್ಕಪ್ಪ ಕಳಿಸಿದ್ದರು: "ಅಮೆರಿಕದಲ್ಲಿ ಬೀದಿ ರೇಸಿಗೆ ಹೇಳೋರು ಕೇಳೋರು ಯಾರೂ ಇಲ್ಲ ನೋಡಿ." ಅದರ ಕೆಳಗೆ ಅತ್ತೆ ಮಗನ ಉತ್ತರ: "ನಮ್ಮ ಲೇಔಟ್ ಖಾಲಿನೇ ಇದೆ, ಭಾನುವಾರ ಟ್ರೈ ಮಾಡೋಣ್ವಾ?"

ಚಿಕ್ಕಪ್ಪ ಹೇಳಿದ್ದು ಬರೀ ತಪ್ಪು. ಅತ್ತೆ ಮಗ ಹೇಳಿದ್ದು ಅಪಾಯ. ಈ ಬರಹ ಅವನಿಗಾಗಿ.

ವಿಡಿಯೊದಲ್ಲಿರುವುದು ಆಟೋಕ್ರಾಸ್. ಇಲ್ಲಿ ಕಾರುಗಳು ಒಂದನ್ನೊಂದು ಹಿಂದಿಕ್ಕುವುದಿಲ್ಲ. ಒಬ್ಬೊಬ್ಬರೇ ಗಡಿಯಾರದ ವಿರುದ್ಧ ಓಡಿಸುತ್ತಾರೆ, ಒಂದು ಓಟ ಸುಮಾರು ಒಂದು ನಿಮಿಷದಲ್ಲಿ ಮುಗಿಯುತ್ತದೆ. ಅಮೆರಿಕದಲ್ಲಿ ಸ್ಪೋರ್ಟ್ಸ್ ಕಾರ್ ಕ್ಲಬ್ ಆಫ್ ಅಮೆರಿಕ ಇದನ್ನು 'ಸೋಲೋ' ಎಂಬ ಹೆಸರಿನಲ್ಲಿ ನಡೆಸುತ್ತದೆ. ಕೋನ್ ಬೀಳಿಸಿದರೆ ಒಂದೊಂದಕ್ಕೂ 2 ಸೆಕೆಂಡ್ ದಂಡ. ದಾರಿ ತಪ್ಪಿದರೆ ಆ ಓಟವೇ ಲೆಕ್ಕಕ್ಕಿಲ್ಲ.

ಹಾಗಾದರೆ ವೇಗಕ್ಕೆ ಕಡಿವಾಣ ಹಾಕುವುದು ಯಾರು? ಪೊಲೀಸರಲ್ಲ, ಚಾಲಕನ ಒಳ್ಳೆಯ ಬುದ್ಧಿಯೂ ಅಲ್ಲ. ಹಾದಿಯ ವಿನ್ಯಾಸ. ಒಣ ಡಾಂಬರಿನ ಮೇಲೆ ಸಾಮಾನ್ಯ ಟೈರಿಗೆ ಸಿಗುವ ಹಿಡಿತದ ಲೆಕ್ಕ ಹಾಕಿದರೆ, 12.5 ಮೀಟರ್ ತ್ರಿಜ್ಯದ ತಿರುವನ್ನು ಗಂಟೆಗೆ ಸುಮಾರು 38 ಕಿ.ಮೀ.ಗಿಂತ ಹೆಚ್ಚು ವೇಗದಲ್ಲಿ ದಾಟಲಾಗದು. ತ್ರಿಜ್ಯವನ್ನು ಎರಡು ಪಟ್ಟು ಮಾಡಿ 25 ಮೀಟರ್‌ಗೆ ಏರಿಸಿದರೂ ವೇಗ ಸುಮಾರು 53 ಕಿ.ಮೀ.ಗೆ ನಿಲ್ಲುತ್ತದೆ. ಎಂಜಿನ್ ಎಷ್ಟೇ ದೊಡ್ಡದಿರಲಿ, ತಿರುವಿನಲ್ಲಿ ಮಾತು ಟೈರಿನದು. ಅದಕ್ಕೇ ವಿನ್ಯಾಸ ಮಾಡುವವರು ಉದ್ದನೆಯ ನೇರ ದಾರಿ ಬಿಡುವುದಿಲ್ಲ. ನೇರ ದಾರಿಯಲ್ಲೂ ವೇಗ ಸಾಮಾನ್ಯವಾಗಿ ಗಂಟೆಗೆ 60 ಮೈಲಿ ಚಿಲ್ಲರೆ, ಅಂದರೆ ಸುಮಾರು 100 ಕಿ.ಮೀ. ಮೀರಬಾರದು ಎಂಬುದು ಸೋಲೋ ನಿಯಮಗಳ ಆಶಯ. ಹಾದಿಯ ಅಂಚಿಗೂ ಕಂಬ, ಗೋಡೆಯಂಥ ಗಟ್ಟಿ ವಸ್ತುಗಳಿಗೂ ನಡುವೆ ಕನಿಷ್ಠ 25 ಅಡಿ ಜಾಗ ಬಿಡಬೇಕು. ವೇಗ ಹೆಚ್ಚಿರುವ ಭಾಗ ಪ್ರೇಕ್ಷಕರಿಂದ ಆದಷ್ಟು ದೂರ ಇರಬೇಕು. ಎತ್ತರ ಹೆಚ್ಚಿದ್ದು ಅಗಲ ಕಡಿಮೆಯಿರುವ ವಾಹನಗಳನ್ನು ಸಾಮಾನ್ಯವಾಗಿ ಸೇರಿಸುವುದೇ ಇಲ್ಲ, ಪಲ್ಟಿ ಹೊಡೆಯುವ ಭಯ. (ಅತ್ತೆ ಮಗನ ಹತ್ತಿರ ಇರುವುದು ಎಸ್‌ಯುವಿ.)

ಈಗ ಆ ಕೋನ್ ಎತ್ತುವ ಮನುಷ್ಯನ ವಿಷಯ. ಅವನು ಸಂಬಳದ ಕೆಲಸಗಾರನಲ್ಲ, ತಲೆಕೆಟ್ಟವನೂ ಅಲ್ಲ. ಹೆಚ್ಚಾಗಿ ಅವನೂ ಒಬ್ಬ ಚಾಲಕನೇ. ಒಂದು ಗುಂಪು ಓಡಿಸುವಾಗ ಇನ್ನೊಂದು ಗುಂಪು ಮೈದಾನದಲ್ಲಿ ನಿಂತು ದುಡಿಯಬೇಕು, ಆಮೇಲೆ ಅದಲುಬದಲು. ತನ್ನ ಪಾಳಿಗೆ ಬಾರದವನ ಸಮಯವನ್ನೇ ಹಲವು ಕ್ಲಬ್‌ಗಳು ಅಳಿಸಿಹಾಕುತ್ತವೆ. ಹೀಗಿರುವುದರಿಂದಲೇ ಈ ಆಟ ಅಗ್ಗ.

ಕೆಲಸ ಸುಲಭದ್ದೇನಲ್ಲ. ಪ್ರತಿ ಕೋನ್‌ನ ಬುಡದ ಸುತ್ತ ಗುರುತು ಎಳೆದಿರುತ್ತಾರೆ. ಕೋನ್ ನಿಂತೇ ಇದ್ದು, ಜರುಗಿದ್ದರೂ ಗುರುತಿಗೆ ತಾಗಿಕೊಂಡಿದ್ದರೆ ದಂಡವಿಲ್ಲ. ಉರುಳಿದರೆ ಅಥವಾ ಪೂರ್ತಿ ಆಚೆ ಹೋದರೆ ರೇಡಿಯೊದಲ್ಲಿ ತಿಳಿಸಿ, ಮುಂದಿನ ಕಾರು ಬರುವುದರೊಳಗೆ ಮತ್ತೆ ಅದೇ ಜಾಗಕ್ಕೆ ಇಡಬೇಕು. ಓಡಿಬರುವ ಆತುರ ಅದಕ್ಕೇ. ಆದರೂ ಕಾರು ಬರುವ ದಿಕ್ಕಿಗೆ ಬೆನ್ನು ಹಾಕುವಂತಿಲ್ಲ, ಕೂರುವಂತಿಲ್ಲ, ಫೋನ್ ಮುಟ್ಟುವಂತಿಲ್ಲ. ಹಾದಿಯಲ್ಲಿ ತೊಂದರೆ ಕಂಡರೆ ಕೆಂಪು ಬಾವುಟ. ನೋಡಿದ ಚಾಲಕ ತಕ್ಷಣ ನಿಲ್ಲಿಸಬೇಕು, ಅವನಿಗೆ ಇನ್ನೊಂದು ಓಟ ಸಿಗುತ್ತದೆ. ಹಾಗಾಗಿ ನಿಲ್ಲಿಸುವುದರಿಂದ ನಷ್ಟವಿಲ್ಲ. ನನಗೆ ಇಡೀ ವ್ಯವಸ್ಥೆಯಲ್ಲಿ ತುಂಬಾ ಜಾಣತನದ್ದು ಅನಿಸಿದ್ದು ಇದೇ.

ನಮ್ಮ ಲೇಔಟ್‌ನಲ್ಲಿ ಇದರಲ್ಲಿ ಯಾವುದಿದೆ? ಲೈಟ್ ಕಂಬ ರಸ್ತೆಗೆ ಅಂಟಿಕೊಂಡೇ ಇದೆ. ನಾಯಿ, ವಾಕಿಂಗ್ ಬಂದ ಅಜ್ಜಿ, ಸೈಕಲ್ ಕಲಿಯುವ ಮಗು ಯಾವ ಮೂಲೆಯಿಂದ ಬರುತ್ತಾರೋ ಗೊತ್ತಿಲ್ಲ. ವೇಗ ಎರಡು ಪಟ್ಟಾದರೆ ಡಿಕ್ಕಿಯ ಶಕ್ತಿ ನಾಲ್ಕು ಪಟ್ಟು. ಕಾನೂನೂ ಇದೆ: ರಾಜ್ಯ ಸರ್ಕಾರದ ಲಿಖಿತ ಒಪ್ಪಿಗೆಯಿಲ್ಲದೆ ಸಾರ್ವಜನಿಕ ಸ್ಥಳದಲ್ಲಿ ರೇಸ್ ಮಾಡಿದರೆ ಮೋಟಾರು ವಾಹನ ಕಾಯ್ದೆಯ 189ನೇ ಸೆಕ್ಷನ್ ಪ್ರಕಾರ ಮೊದಲ ಸಲವೇ 3 ತಿಂಗಳವರೆಗೆ ಜೈಲು, 5,000 ರೂಪಾಯಿವರೆಗೆ ದಂಡ ಅಥವಾ ಎರಡೂ.

ಮುಂದಿನ ಸಲ ಇಂಥ ವಿಡಿಯೊ ಬಂದರೆ ನಾಲ್ಕು ವಿಷಯ ನೋಡಿ. ಒಂದೇ ಕಾರು ಓಡುತ್ತಿದೆಯೇ? ಚಾಲಕ ಹೆಲ್ಮೆಟ್ ಹಾಕಿದ್ದಾನೆಯೇ? ನಿಂತ ಕೋನ್ ಪಕ್ಕದಲ್ಲಿ ದಾರಿ ತೋರಿಸಲು ಮಲಗಿಸಿಟ್ಟ ಕೋನ್ ಇದೆಯೇ? ದೂರದಲ್ಲಿ ಕೆಂಪು ಬಾವುಟ ಹಿಡಿದವರು ಕಾಣುತ್ತಾರೆಯೇ? ಇವಿದ್ದರೆ ಅದು ಬಹುಪಾಲು ಆಟೋಕ್ರಾಸ್.

ಭಾರತದಲ್ಲಿ ಎಫ್‌ಎಂಎಸ್‌ಸಿಐ ಎಂಬ ಮೋಟಾರು ಕ್ರೀಡಾ ಕ್ಲಬ್‌ಗಳ ಒಕ್ಕೂಟವಿದೆ. ಇಲ್ಲಿ ಆಟೋಕ್ರಾಸ್ ಹೆಚ್ಚಾಗಿ ಮಣ್ಣಿನ ಟ್ರ್ಯಾಕಿನಲ್ಲಿ ನಡೆಯುತ್ತದೆ, ಅಲ್ಲೂ ಮಾರ್ಷಲ್‌ಗಳಾಗಿ ಸ್ವಯಂಸೇವಕರು ಬೇಕು. ಇಷ್ಟನ್ನೂ ಗ್ರೂಪಿನಲ್ಲಿ ಹಾಕಿದೆ. ಚಿಕ್ಕಪ್ಪ ಹೆಬ್ಬೆರಳು ಒತ್ತಿದರು. ಅತ್ತೆ ಮಗ ಕೇಳಿದ್ದು ಒಂದೇ: "ಕೋನ್ ಎತ್ತೋಕೆ ಹೋದ್ರೆ ಊಟ ಕೊಡ್ತಾರಾ?"